ಟೆಯೂಮಾದ ಅಸ್ಥಿಗಳು: ವಂಶವೂ ಭಾಷೆಯೂ

ಒಂದು ಜನಸಮುದಾಯದ ಭಾಷೆಯನ್ನು ಅರಿತರೆ ಅದರ ವಂಶವನ್ನೂ ಅರಿತಂತಾಯಿತೆಂದು ಭಾವಿಸುವ ರೂಢಿಯು ಬಹುಕಾಲದಿಂದ ಇರುವುದಷ್ಟೆ. ಈ ಭಾವನೆಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪೆಸಿಫಿಕ್ ಮಹಾಸಾಗರದ ವನುವಾಟು ದ್ವೀಪಗಳಲ್ಲಿ ದೊರೆತ ಅಸ್ಥಿಗಳ ಆಧಾರದಿಂದ ವಿಚಾರಮಾಡುವುದೇ ಈ ಲೇಖನದ ಉದ್ದೇಶವು.

ವನುವಾಟುವಿನ ಎಫಾಟೆ ದ್ವೀಪದಲ್ಲಿ ಟೆಯೂಮಾ ಎಂಬ ಸ್ಥಳವುಂಟು. 2004ರಲ್ಲಿ ಮೊದಲಾದ ಉತ್ಖನನದಿಂದ ಅಲ್ಲಿ ಸುಮಾರು 3000 ವರ್ಷಗಳ ಹಿಂದಿನ ಶ್ಮಶಾನವೊಂದು ಬೆಳಕಿಗೆ ಬಂದಿತು. ಚುಕ್ಕೆಗಳನ್ನೊತ್ತಿ ಅಲಂಕರಿಸಿದ ಮಡಕೆಗಳಿಂದ ಗುರುತಿಸಲ್ಪಡುವ ಲಪಿತಾ ಸಂಸ್ಕೃತಿಯವರೇ ಆ ದ್ವೀಪಗಳ ಮೊದಲ ನಿವಾಸಿಗಳು. ಈ ಸಮಾಧಿಗಳು ಅವರವು. ಹೂಳಿದ ಕೆಲಕಾಲದ ಮೇಲೆ ಗುಂಡಿಯನ್ನು ಮತ್ತೆ ತೆರೆದು ವಯಸ್ಕರ ತಲೆಬುರುಡೆಗಳನ್ನು ತೆಗೆಯುವುದು ಅವರ ಸಂಪ್ರದಾಯವಾಗಿದ್ದಿತು. ಒಬ್ಬ ವೃದ್ಧನ ಎದೆಯ ಮೇಲೆ ಅನ್ಯರ ಮೂರು ಬುರುಡೆಗಳಿದ್ದುವು. ಮತ್ತೊಂದು ಬುರುಡೆಯು ಮಡಕೆಯೊಳಗಿದ್ದಿತು. ಹಲ್ಲಿನ ಮೇಲಣ ಹೊದಿಕೆಯು ಬಾಲ್ಯದಲ್ಲಿ ರೂಪುಗೊಂಡ ಬಳಿಕ ಮಾರ್ಪಡದು. ಅದರಲ್ಲಿನ ಸ್ಟ್ರಾಂಶಿಯಂ ಧಾತುವನ್ನು ಪರೀಕ್ಷಿಸಲಾಗಿ, ಮೃತರಲ್ಲಿ ಕೆಲವರು ಬೇರೆಡೆಯಲ್ಲಿ ಬೆಳೆದು ಅಲ್ಲಿಗೆ ಬಂದವರೆಂದು ತಿಳಿದುಬಂದಿತು.

ಇನ್ನು ಅವರ ವಂಶಮೂಲದ ವಿಚಾರ. ವಂಶಲಕ್ಷಣಗಳನ್ನು ಹೊತ್ತಿರುವ ಡಿಎನ್‌ಎ ಎಂಬ ವಸ್ತುವು ಉಷ್ಣಪ್ರದೇಶದ ಮಣ್ಣಿನಲ್ಲಿ ಬೇಗನೆ ಶಿಥಿಲವಾಗುವುದು. ಆದರೆ ಒಳಗಿವಿಯನ್ನು ಆವರಿಸಿದ ಎಲುಬು ಅತಿ ಸಾಂದ್ರವಾದುದರಿಂದ ಅದರಲ್ಲಿ ಈ ವಸ್ತುವು ಹೆಚ್ಚು ಕಾಲ ಉಳಿಯುವುದು. ಬುರುಡೆಗಳೇ ವಿರಳವಾದ ಟೆಯೂಮಾದಲ್ಲಿ ಅಂತಹ ಎಲುಬು ದುರ್ಲಭವು. ಆದರೂ ಅಲ್ಲಿನ ಮೂವರ ಡಿಎನ್‌ಎ ಪರೀಕ್ಷೆಯ ಫಲಿತಾಂಶವು 2016ರಲ್ಲಿ ಪ್ರಕಟವಾಯಿತು. ಅವರು ತೈವಾನ್ ಮತ್ತು ಫಿಲಿಪೀನ್ಸಿನ ಮೂಲನಿವಾಸಿಗಳಿಗೆ ಹತ್ತಿರದವರು. ನ್ಯೂಗಿನಿ ಪ್ರಾಂತದ ಪಪುವಾ ವಂಶದ ಅಂಶವು ಅವರಲ್ಲಿ ಇಲ್ಲವೆನ್ನುವಷ್ಟು ಅಲ್ಪ. 2018ರಲ್ಲಿ ಪ್ರಕಟವಾದ ಎರಡು ಸಂಶೋಧನೆಗಳಿಂದ, ಸುಮಾರು 2500 ವರ್ಷಗಳ ಹಿಂದಿನಿಂದ ಪಪುವಾ ಮೂಲದವರು ಬಿಸ್ಮಾರ್ಕ್ ದ್ವೀಪಗಳ ಕಡೆಯಿಂದ ಬಂದು ನೆಲಸಿದರೆಂದೂ, ಇಂದಿನ ನಿವಾಸಿಗಳಲ್ಲಿ ಆ ವಂಶದ ಅಂಶವೇ ಅಧಿಕವೆಂದೂ ವ್ಯಕ್ತವಾಯಿತು.

ಹೀಗೆ ವಂಶವು ಬಹುಮಟ್ಟಿಗೆ ಬದಲಾದರೂ ಭಾಷೆಯು ಬದಲಾಗಲಿಲ್ಲ. ವನುವಾಟುವಿನ ನೂರಕ್ಕೂ ಮಿಕ್ಕ ದೇಶಭಾಷೆಗಳು, ಲಪಿತಾ ನಾವಿಕರು ತಂದರೆಂದು ವಿದ್ವಾಂಸರು ಎಣಿಸುವ ಆಸ್ಟ್ರೊನೇಷಿಯನ್ ವರ್ಗಕ್ಕೇ ಸೇರಿರುತ್ತವೆ. ಹೊಸಬರು ಆ ಮಾತನ್ನು ಇಲ್ಲಿಗೆ ಬಂದು ಕಲಿತರೋ, ಬರುವ ಮುನ್ನವೇ ಆಡುತ್ತಿದ್ದರೋ ಎಂಬುದನ್ನು ಅಸ್ಥಿಗಳು ಹೇಳಲಾರವು.

ನಾವು ತರಗತಿಗಳಲ್ಲಿ ‘ದ್ರಾವಿಡ’ ಎಂಬ ಶಬ್ದವನ್ನು ಪ್ರಯೋಗಿಸುವಾಗಲೂ ಈ ನಿದರ್ಶನವು ಸ್ಮರಣೀಯವು. ಅದು ಮೊದಲಿಗೆ ಭಾಷಾವರ್ಗದ ಹೆಸರು. ಅದನ್ನಾಡುವವರ ರಕ್ತಸಂಬಂಧಕ್ಕೆ ಅದೊಂದೇ ಪ್ರಮಾಣವಾಗದು. ವಂಶದ ಚರಿತ್ರೆಗೂ ಭಾಷೆಯ ಚರಿತ್ರೆಗೂ ಬೇರೆ ಬೇರೆ ಸಾಕ್ಷ್ಯಗಳನ್ನು ಅರಸಿ, ಆಮೇಲೆ ಅವೆರಡನ್ನೂ ಹೋಲಿಸಿ ನೋಡುವುದೇ ಯುಕ್ತವಾದ ಮಾರ್ಗವು.