ಮಡಿಚುವ ಚಾಕುವಿನ ಸತ್ಯಾಸತ್ಯ

ಸುರಪುರದ ಸೀಮೆಯ ಬೋನಾಳದ ಪಕ್ಷಿಧಾಮಕ್ಕೆ ಹಕ್ಕಿಗಳನ್ನು ನೋಡಲು ಬರುವ ಪ್ರವಾಸಿಗನ ಜೇಬಿಗೂ, ಅಲ್ಲಿಯೇ ಹೊಲದಲ್ಲಿ ಹಗ್ಗ ಕೊಯ್ಯುವ ರೈತನ ಕೈಗೂ ಸಮಾನವಾಗಿ ಒಗ್ಗುವ ಮಡಿಚುವ ಚಾಕು ಈಗ ಆನ್‌ಲೈನಿನಲ್ಲಿ ಕೊಂಡರೆ ಮನೆಬಾಗಿಲಿಗೇ ಬರುವುದಾದರೂ, ಪೊಟ್ಟಣದೊಳಗಿನದು ಅಸಲಿಯೋ ನಕಲಿಯೋ ಎಂಬುದನ್ನು ಪರೀಕ್ಷಿಸುವ ಭಾರ ಕೊಂಡವನ ಮೇಲೆಯೇ ಬೀಳುತ್ತದೆ.

ಕಾರ್ಲ್ ಎಲ್ಸೆನರ್ ಎಂಬಾತನು 1884ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆರಂಭಿಸಿದ ಕಾರ್ಯಾಗಾರವೇ, 1891ರಲ್ಲಿ ಆ ದೇಶದ ಸೈನಿಕರಿಗೆ ಚಾಕುಗಳನ್ನು ಒದಗಿಸಿ, ಮುಂದೆ ವಿಕ್ಟೋರಿನಾಕ್ಸ್ ಎಂದು ಜಗದ್ವಿಖ್ಯಾತವಾಯಿತು. ಖ್ಯಾತಿಯ ಬೆನ್ನಿಗೇ ಅನುಕರಣವೂ ಬಂದಿತು. ಅಸಲಿಯಾದುದರಲ್ಲಿ ದೊಡ್ಡ ಅಲಗಿನ ಬುಡದಲ್ಲಿ ಸಂಸ್ಥೆಯ ನಾಮಮುದ್ರೆಯು ಸ್ಫುಟವಾಗಿರುತ್ತದೆ, ಹಿಡಿಯ ಮೇಲಿನ ಶಿಲುಬೆಯ ಲಾಂಛನದ ಅಂಚುಗಳು ಚೊಕ್ಕವಾಗಿರುತ್ತವೆ. ಆದರೆ ಮುದ್ರೆಯೊತ್ತುವುದು ವಂಚಕನಿಗೆ ಅತಿ ಸುಲಭವಾದ ಕಾರ್ಯವಾದುದರಿಂದ, ನಾನು ಅದಕ್ಕಿಂತ ಸ್ಪ್ರಿಂಗನ್ನೇ ಹೆಚ್ಚು ನಂಬುವೆನು: ಪ್ರತಿಯೊಂದು ಅಲಗೂ ಬಿಗಿಯಾಗಿ ತೆರೆದು, ಟಕ್ಕೆಂದು ಮುಚ್ಚಿ, ತೆರೆದಾಗ ಅಕ್ಕಪಕ್ಕಕ್ಕೆ ಅಲುಗಾಡದೆ, ಮಡಿಚಿದಾಗ ನೆರೆಯ ಅಲಗಿಗೆ ಉಜ್ಜದೆ ಇರಬೇಕು. ಅಯಸ್ಕಾಂತ ಹಿಡಿದು ನೋಡುವುದು ವ್ಯರ್ಥ. ಚಾಕುವಿನ ಒಳ್ಳೆಯ ತುಕ್ಕುರಹಿತ ಉಕ್ಕೂ ಅದಕ್ಕೆ ಅಂಟುತ್ತದೆ.

ವಿದೇಶೀ ವಸ್ತುವಿನ ಪೊಟ್ಟಣದ ಮೇಲೆ ಆಮದುದಾರನ ಹೆಸರು, ವಿಳಾಸ, ಮೂಲದೇಶ ಮತ್ತು ಗರಿಷ್ಠ ಮಾರಾಟಬೆಲೆ ಇರಬೇಕೆಂದು ನಿಯಮವಿದೆ. ಇವಿಲ್ಲದೆ ಬೆಲೆಯೂ ಅಸಂಭವವಾಗಿ ಅಗ್ಗವಾಗಿದ್ದರೆ ಸಂಶಯಪಡುವುದು ನ್ಯಾಯ್ಯ. ಪೊಟ್ಟಣ ಬಿಚ್ಚುವಾಗಲೇ ಚಿತ್ರ ತೆಗೆದು, ರಸೀದಿಯನ್ನು ಜೋಪಾನವಾಗಿರಿಸಿ, ಮಾರಿದವನು ಹಿಂಪಡೆಯಲೊಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿರಿ.