ಬೆಟ್ಟದ ಬೇಟೆಗೆ ಹಗುರ ರೈಫಲ್

ಬೆಟ್ಟದ ಬೇಟೆಗೆಂದೇ ಕಟ್ಟಿಸುವ ರೈಫಲ್ ದಿನವಿಡೀ ಹೆಗಲ ಮೇಲಿದ್ದು, ಬಹುಮಟ್ಟಿಗೆ ಒಂದೋ ಎರಡೋ ಸಲ ಮಾತ್ರ ಸಿಡಿಯುವ ಆಯುಧ. ಅಲಾಸ್ಕದ ಬ್ರೂಕ್ಸ್ ಪರ್ವತಸಾಲಿನಲ್ಲಿ ಬಿಳಿ ಮೈಯ ಡಾಲ್ ಟಗರನ್ನು ಅರಸುವವರು ಡೇರೆ, ಊಟ, ಹಾಸಿಗೆಯನ್ನು ಬೆನ್ನಿಗೇರಿಸಿಕೊಂಡು ದಿನಗಟ್ಟಲೆ ನಡೆಯುತ್ತಾರೆ. ಬೇಟೆ ಸಿಕ್ಕಿದರೆ ಹೊರೆ ಇನ್ನೂ ಹೆಚ್ಚುತ್ತದೆ. ತಿನ್ನಲು ಬರುವ ಮಾಂಸವನ್ನು ಬಿಟ್ಟು ಬರುವುದು ಅಲ್ಲಿ ಅಪರಾಧ. ದುರ್ಬೀನು ಸೇರಿ ಸುಮಾರು 4 ಕಿಲೋ ತೂಗುವ ಸಾಮಾನ್ಯ ರೈಫಲನ್ನು 3 ಕಿಲೋಗೆ ಇಳಿಸುವ ಯತ್ನ ಹುಟ್ಟಿದ್ದು ಈ ಹೊರೆಯಿಂದ.

ಅಮೆರಿಕದಲ್ಲಿ ಇದಕ್ಕೆ ದಾರಿ ತೋರಿದವರಲ್ಲಿ ಬೇಟೆ ಲೇಖಕ ಜ್ಯಾಕ್ ಓಕಾನರ್ ಮುಖ್ಯರು. 1925ರಲ್ಲಿ ಬಂದ .270 ವಿಂಚೆಸ್ಟರ್ ತೋಟಾ ಕುರಿಬೇಟೆಗೆ ಒಪ್ಪುವಂಥದ್ದೆಂದು ಅವರು ದಶಕಗಳ ಕಾಲ ಬರೆದರು. ಅವರ ಮೆಚ್ಚಿನ ರೈಫಲ್‌ಗೆ ವಾಲ್‌ನಟ್ ಮರದ ಸ್ಟಾಕ್ ಕೆತ್ತಿದವರು ಸ್ಪೊಕೇನ್‌ನ ಕುಶಲಕರ್ಮಿ ಅಲ್ ಬೀಸೆನ್. ಮರ ಚೆಲುವಾದದ್ದು ನಿಜ, ಆದರೆ ಮಳೆ ಮಂಜಿಗೆ ಉಬ್ಬಿ ನಳಿಕೆಯನ್ನು ಒತ್ತುತ್ತದೆ, ಗುರಿ ಸರಿಯುತ್ತದೆ. 1980ರ ದಶಕದಲ್ಲಿ ಪಶ್ಚಿಮ ವರ್ಜೀನಿಯಾದ ಮೆಲ್ವಿನ್ ಫೋರ್ಬ್ಸ್ ಮರವನ್ನು ಕೈಬಿಟ್ಟು ಕೆವ್ಲಾರ್ ಮತ್ತು ಕಾರ್ಬನ್ ನಾರಿನ ಸ್ಟಾಕ್ ಮಾಡಿದರು. ಅದಕ್ಕಿಂತ ಜಾಣತನದ್ದು ಅವರ ಎರಡನೆಯ ಹೆಜ್ಜೆ: ದೊಡ್ಡ ರೈಫಲಿನ ಉಕ್ಕಿಗೆ ತೂತು ಕೊರೆದು ತೂಕ ತಗ್ಗಿಸುವ ಬದಲು, ಬೋಲ್ಟ್ ಓಡಾಡುವ ರಿಸೀವರನ್ನೇ ತೋಟಾದ ಅಳತೆಗೆ ತಕ್ಕಂತೆ ಚಿಕ್ಕದಾಗಿ ರೂಪಿಸಿದರು.

ಆಲ್ಪ್ಸ್ ಸೀಮೆ ಬೇರೆ ದಾರಿ ಹಿಡಿಯಿತು. ಆಸ್ಟ್ರಿಯದ ಫೆರ್ಲಾಖ್ ಊರಿನ ಬಂದೂಕು ಕುಶಲಕರ್ಮಿಗಳ ಕಿಪ್‌ಲಾಫ್, ನಡುವೆ ಮಡಚಿ ಒಂದೇ ತೋಟಾ ತುಂಬುವ ರೈಫಲ್. ಬೋಲ್ಟೂ ಇಲ್ಲ, ತೋಟಾ ಪೆಟ್ಟಿಗೆಯೂ ಇಲ್ಲ. ನಳಿಕೆ ಮೋಟು ಮಾಡದೆಯೇ ಒಟ್ಟು ಉದ್ದ ಕಡಿಮೆಯಾಗುತ್ತದೆ.

ಈಗ ರಿಸೀವರ್‌ಗೆ ಟೈಟಾನಿಯಂ ಬಳಕೆಯಲ್ಲಿದೆ. ಅದು ಉಕ್ಕಿಗಿಂತ ನೂರಕ್ಕೆ ಸುಮಾರು 40ರಷ್ಟು ಹಗುರ. ಎಲ್ಲ ಕಡೆಯೂ ಹೀಗೆ ತೂಕ ಕದಿಯಲಾಗದು. .270 ತೋಟಾ ಸಿಡಿದಾಗ ಒಳಗಿನ ಒತ್ತಡ ಚದರ ಇಂಚಿಗೆ 65,000 ಪೌಂಡ್‌ವರೆಗೆ ಏರಬಲ್ಲದು. ಆದ್ದರಿಂದ ತೋಟಾ ಕೂರುವ ಕಡೆ ನಳಿಕೆ ದಪ್ಪವಾಗಿಯೇ ಇರಬೇಕು. ತೆಳುವಾಗಿಸಬಹುದಾದದ್ದು ಅದರಿಂದ ಮುಂದಿನ ಭಾಗ. ತೆಳು ನಳಿಕೆ ಬೇಗ ಬಿಸಿಯಾಗಿ, ನಾಲ್ಕಾರು ಗುಂಡು ಹಾರುವಷ್ಟರಲ್ಲಿ ಗುರಿ ಚದುರಬಹುದು. ಮೊದಲ ಗುಂಡೇ ಮುಖ್ಯವಾದ ಬೆಟ್ಟದ ಬೇಟೆಯಲ್ಲಿ ಇದು ದೊಡ್ಡ ಕೊರತೆಯಲ್ಲ. ತೆಳುವಾದ ಉಕ್ಕಿನ ನಳಿಕೆಗೆ ಕಾರ್ಬನ್ ನಾರು ಸುತ್ತುವುದು ಇನ್ನೊಂದು ವಿಧಾನ. ಬೆಲೆ ಹೆಚ್ಚು, ಆದರೆ ದಪ್ಪ ನಳಿಕೆಯ ಗಡಸುತನ ಕಡಿಮೆ ತೂಕದಲ್ಲಿ ಸಿಗುತ್ತದೆ. ನಳಿಕೆಯನ್ನು ಅತಿಯಾಗಿ ಮೋಟು ಮಾಡಿದರೆ ಗುಂಡಿನ ವೇಗ ಇಳಿದು ಸದ್ದು ಏರುತ್ತದೆ. 22 ಇಂಚು ಹದವಾದ ಅಳತೆ.

ತೂಕ ಇಳಿದದ್ದಕ್ಕೆ ಬೆಲೆ ತೆರುವುದು ಭುಜ. ಅದೇ ತೋಟಾವನ್ನು 4 ಕಿಲೋ ಬದಲು 3 ಕಿಲೋ ರೈಫಲಿನಿಂದ ಹಾರಿಸಿದರೆ ಹಿಂದಕ್ಕೆ ಒದೆಯುವ ಶಕ್ತಿ ಮೂರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ. ಒದೆಗೆ ಅಂಜಿದವರು ಗುಂಡು ಹಾರುವ ಕ್ಷಣದಲ್ಲಿ ಬೆಚ್ಚುತ್ತಾರೆ. ಗುಂಡು ಎಲ್ಲೋ ತಗುಲಿ ಪ್ರಾಣಿ ನರಳುತ್ತದೆ. ಇದಕ್ಕಿಂತ ಕೆಟ್ಟದ್ದು ಬೇಟೆಯಲ್ಲಿ ಇಲ್ಲ. ನಳಿಕೆಯ ತುದಿಗೆ ಬ್ರೇಕ್ ಕೂರಿಸಿದರೆ ಒದೆ ತಗ್ಗುತ್ತದೆ, ಆದರೆ ಕಿವಿಗೆ ಅಪಾಯ. ಮಧ್ಯಮ ಶಕ್ತಿಯ ತೋಟಾ ಆರಿಸುವುದೇ ಲೇಸು. ಟ್ರಿಗರ್ ಕೂಡ ಮೃದುವಾಗಿರಬೇಕು. ರೈಫಲ್ ಹಗುರವಾದಷ್ಟೂ ಬಿಗಿ ಟ್ರಿಗರಿನ ಎಳೆತಕ್ಕೆ ಇಡೀ ಬಂದೂಕೇ ಅಲುಗುತ್ತದೆ.

ಇಷ್ಟೆಲ್ಲ ಉಳಿಸಿ ಮೇಲೆ ಮುಕ್ಕಾಲು ಕಿಲೋ ದುರ್ಬೀನು ಕೂರಿಸುವುದು ಅರ್ಥಹೀನ. 400 ಗ್ರಾಂ ಒಳಗಿನದು ಸಾಕು. ದುರ್ಬೀನು ಸೇರಿ ಒಟ್ಟು ತೂಕ 3 ಕಿಲೋ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಅದಕ್ಕಿಂತ ಬಹಳ ಕೆಳಗಿಳಿದ ರೈಫಲ್, ಏದುಸಿರು ಬಿಡುವ ಬೇಟೆಗಾರನ ಕೈಯಲ್ಲಿ ನಿಲ್ಲುವುದಿಲ್ಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇಂಥ ಬೇಟೆಗೆ ಬಾಗಿಲು ಮುಚ್ಚಿದೆ. ಕಾಶ್ಮೀರದ ಮಾರ್ಖೋರ್, ದಕ್ಷಿಣದ ನೀಲಗಿರಿ ಥಾರ್ ಎರಡಕ್ಕೂ ಅದರ ಪೂರ್ಣ ರಕ್ಷಣೆಯಿದೆ.

ಬೇಟೆಗೆ ಅವಕಾಶವಿರುವ ನಾಡುಗಳಲ್ಲೂ ರೈಫಲ್ ಕೈಗೆ ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹೊರಡುವ ಮೊದಲು ಮಲಗಿ, ಕುಳಿತು, ಚೀಲಕ್ಕೆ ಆನಿಸಿ ಹಾರಿಸಿ ರೂಢಿಸಿಕೊಳ್ಳಬೇಕು. ಪ್ರಯಾಣದ ಕುಲುಕಿಗೆ ದುರ್ಬೀನು ಸರಿದಿರಬಹುದಾದ್ದರಿಂದ ಬೀಡು ತಲುಪಿದೊಡನೆ ಮತ್ತೊಮ್ಮೆ ಗುರಿ ಪರೀಕ್ಷೆ ನಡೆಯಬೇಕು. ಗುಂಡು ಪಕ್ಕಕ್ಕೆ ಬಿದ್ದರೆ ತಿರುಪುಗಳನ್ನು ಬಿಗಿದು, ದುರ್ಬೀನನ್ನು ಹೊಂದಿಸಿಕೊಂಡ ಮೇಲೆಯೇ ಬೆಟ್ಟ ಹತ್ತಬೇಕು.