√300 ಎಂದರೆ 10√3 ಹೇಗೆ?

ಪ್ರಶ್ನೆ: ವರ್ಗಮೂಲ ಬಿಡಿಸಲು ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯುವುದೇಕೆ?

ಉತ್ತರ: ಮುಂಬಯಿಯ ಲೆಕ್ಕವನ್ನೇ ನೋಡೋಣ. ಕೊಳೆಗೇರಿ ಪುನರ್ವಸತಿಯ ಮನೆ ಮೊದಲು 225 ಚದರ ಅಡಿ, ಆಮೇಲೆ 269, ಈಗ 300. ಮನೆ ಚೌಕವಾಗಿದ್ದರೆ ಒಂದು ಬದಿ ಎಷ್ಟು ಉದ್ದ?

225 = 3×3×5×5. 3×3ರ ವರ್ಗಮೂಲ 3 ತಾನೇ? ಹಾಗಾಗಿ ಪ್ರತಿ ಜೋಡಿಯಿಂದ ಒಂದು ಸಂಖ್ಯೆ ಹೊರಬರುತ್ತದೆ: 3×5, ಅಂದರೆ 15 ಅಡಿ. 300 = 2×2×5×5×3. ಇಲ್ಲಿ 3 ಒಂಟಿ, ಮೂಲಚಿಹ್ನೆಯೊಳಗೇ ಉಳಿಯುತ್ತದೆ. ಉತ್ತರ 10√3, ಸುಮಾರು 17.3 ಅಡಿ.

269 ಮಾತ್ರ ಜಗ್ಗುವುದಿಲ್ಲ. 2, 3, 5, 7, 11, 13 ಯಾವುದಕ್ಕೂ ಭಾಗವಾಗದ ಅವಿಭಾಜ್ಯ ಅದು. √269 ಹಾಗೇ ಇರಬೇಕು. ಸೊಗಸೆಂದರೆ, ಅದು 25 ಚದರ ಮೀಟರನ್ನು ಚದರ ಅಡಿಗೆ ತಿರುಗಿಸಿ ಬಂದ ಸಂಖ್ಯೆ. ಮೀಟರಿನಲ್ಲಿ ಬದಿ ಸರಿಯಾಗಿ 5!

17.3 ಅಂದಾಜು, 10√3 ನಿಖರ. ಲೆಕ್ಕ ಮುಂದುವರಿಸುವಾಗ 10√3 ಅನ್ನೇ ಇಟ್ಟುಕೊಳ್ಳಿ.